ಸಿಪಿ ಮಗುವಿಗೆ ಇಂಟೆನ್ಸಿವ್ ಫಿಸಿಯೋ: ಹೋಗುವ ಮುಂಚೆ, ಹೋದಾಗ, ಬಂದ ಮೇಲೆ

ನನ್ನ ಮಗಳಿಗೆ ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದರೆ ಎಳೆಯ ಮಿದುಳಿಗೆ ಪೆಟ್ಟಾಗಿ ಮೈಯ ಚಲನೆಗೆ ಬರುವ ತೊಂದರೆ. ಎರಡೂ ಕಾಲು ಬಿಗಿ, ಕೈ ಪರವಾಗಿಲ್ಲ. ಇಂಟೆನ್ಸಿವ್ ಥೆರಪಿ ಅಂದರೆ ಸಾಮಾನ್ಯವಾಗಿ ಎರಡು-ಮೂರು ವಾರ, ವಾರಕ್ಕೆ ಐದು ದಿನ, ದಿನಕ್ಕೆ ಎರಡು-ಮೂರು ಗಂಟೆ. ಮಗುವಿಗೂ ಸುಸ್ತು, ನಿಮಗೂ ಸುಸ್ತು, ದುಡ್ಡೂ ಜಾಸ್ತಿ. ಹಾಗಾಗಿ ಯಾತಕ್ಕೆ ಹೋಗುತ್ತಿದ್ದೀರಿ ಅನ್ನೋದು ಮೊದಲೇ ಗೊತ್ತಿರಬೇಕು.

ಮಗು ನಡೆಯಬೇಕು ಅನ್ನೋ ಆಸೆ ಎಲ್ಲರಿಗೂ ಇರುತ್ತದೆ. ಆದರೆ ಈ ಮೂರು ವಾರಕ್ಕೆ ಅಂತ ಒಂದೇ ಒಂದು ಸಣ್ಣ ಕೆಲಸ ಆರಿಸಿಕೊಳ್ಳಿ. ಸ್ಟೂಲಿನಿಂದ ತಾನೇ ಏಳೋದು, ಮಂಚ ಹಿಡಿದು ಪಕ್ಕಕ್ಕೆ ನಾಲ್ಕು ಹೆಜ್ಜೆ ಇಡೋದು, ಕಮೋಡ್ ಮೇಲೆ ವಾಲದೆ ಕೂರೋದು, ಹೀಗೆ ಮನೆಯಲ್ಲಿ ದಿನಾ ಬೇಕಾಗುವಂಥದ್ದು. ಮಾತು ಬರುವ ಮಗುವಾದರೆ ಅದನ್ನೇ ಕೇಳಿ. ನನ್ನ ಮಗಳಿಗೆ ಬೇಕಾಗಿದ್ದದ್ದು ಸಿಂಕಿನ ಮುಂದೆ ನಿಂತು ಹಲ್ಲುಜ್ಜೋದು. ನನ್ನ ತಲೆಗೆ ಅದು ಹೊಳೆದೇ ಇರಲಿಲ್ಲ!

ಮಗುವಿನ ಜಿಎಂಎಫ್‌ಸಿಎಸ್ ಲೆವೆಲ್ ಎಷ್ಟು ಅಂತ ಡಾಕ್ಟರನ್ನು ಕೇಳಿ. ಮಗು ತಾನಾಗಿ ಎಷ್ಟು ಕೂರುತ್ತದೆ, ಓಡಾಡುತ್ತದೆ ಅಂತ 1ರಿಂದ 5ರವರೆಗೆ ಹೇಳುವ, 1997ರಲ್ಲಿ ಕೆನಡಾದಲ್ಲಿ ಬಂದ ಅಳತೆ ಇದು. ಲೆವೆಲ್ 1ರ ಮಕ್ಕಳು ಏನೂ ಹಿಡಿಯದೆ ನಡೆಯುತ್ತಾರೆ, 5ರ ಮಕ್ಕಳಿಗೆ ತಲೆ ನಿಲ್ಲಿಸೋದಕ್ಕೂ ಆಸರೆ ಬೇಕು. ಲೆವೆಲ್ 3, 4, 5 ಆದರೆ ಸೊಂಟದ ಕೀಲು ಜಾರುವ ಅಪಾಯ ಜಾಸ್ತಿ, ಹಾಗಾಗಿ ಸೊಂಟದ ಎಕ್ಸ್‌ರೇ ಆಗಿದೆಯಾ ಅಂತ ವಿಚಾರಿಸಿ, ಆಗಿಲ್ಲದಿದ್ದರೆ ಥೆರಪಿ ಶುರುವಾಗುವ ಮುಂಚೆಯೇ ಮಾಡಿಸಿ. ಫಿಟ್ಸ್ ಬರುತ್ತಿದ್ದರೆ ಮಾತ್ರೆ ತಪ್ಪಿಸಬೇಡಿ, ಥೆರಪಿಸ್ಟಿಗೂ ಹೇಳಿಡಿ.

ಈಗ ಸೆಂಟರಿನ ವಿಷಯ. "ಗ್ಯಾರಂಟಿ ನಡೆಸುತ್ತೇವೆ" ಅನ್ನುವವರಿಂದ ದೂರ ಇರಿ, ಪರೀಕ್ಷೆ ಮಾಡದೇ ಪ್ಯಾಕೇಜಿನ ರೇಟು ಹೇಳುವವರಿಂದಲೂ. ಆಸ್ಟ್ರೇಲಿಯಾದ ಸಂಶೋಧಕಿ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ, ಮತ್ತೆ 2020ರಲ್ಲಿ, ಸಿಪಿಯ ಚಿಕಿತ್ಸೆಗಳನ್ನೆಲ್ಲ ಜರಡಿ ಹಿಡಿದು ನೋಡಿದ್ದಾರೆ. ಮಗು ತಾನೇ ಪ್ರಯತ್ನಪಟ್ಟು, ಬೇಕಾದ ಕೆಲಸವನ್ನೇ ಮತ್ತೆ ಮತ್ತೆ ಮಾಡುವ ಅಭ್ಯಾಸ, ಅಪ್ಪ ಅಮ್ಮನಿಗೆ ಕಲಿಸಿಕೊಟ್ಟು ಮನೆಯಲ್ಲಿ ಮಾಡಿಸುವ ವ್ಯಾಯಾಮ, ಇವಕ್ಕೆ ಒಳ್ಳೆ ಆಧಾರ ಇದೆ. ಆಕ್ಸಿಜನ್ ಚೇಂಬರ್ (ಹೆಚ್ಚು ಒತ್ತಡದ ಕೋಣೆಯಲ್ಲಿ ಆಮ್ಲಜನಕ ಕೊಡೋದು) ಬೇಡ ಅಂತ ಸ್ಪಷ್ಟವಾಗಿದೆ. ಆದ್ದರಿಂದ ಸೆಂಟರಿನಲ್ಲಿ ಒಂದು ಗಂಟೆ ಸುಮ್ನೆ ಕೂತು ನೋಡಿ. ಮಗುವನ್ನು ಮಲಗಿಸಿ ಕೈಕಾಲು ಎಳೆಯುವುದರಲ್ಲೇ ಹೊತ್ತು ಹೋಗುತ್ತಿದ್ದರೆ ಅದಕ್ಕೆ ಅಷ್ಟು ದುಡ್ಡು ಕೊಡಬೇಕಾಗಿಲ್ಲ. ನಿಮ್ಮನ್ನು ಒಳಗೆ ಬಿಡಲ್ಲ ಅಂದರೆ ಬೇರೆ ಕಡೆ ನೋಡಿ, ಯಾಕೆಂದರೆ ಮೂರು ವಾರ ಆದ ಮೇಲೆ ಮಾಡಿಸಬೇಕಾದವರು ನೀವೇ ಅಲ್ವಾ?

ಖರ್ಚಿಗೆ: ಜಿಲ್ಲಾ ಆಸ್ಪತ್ರೆಯ ಡಿಇಐಸಿಯಲ್ಲಿ (ಮಕ್ಕಳ ಬೆಳವಣಿಗೆಯ ತೊಂದರೆಗಳಿಗೆ ಇರುವ ಸರ್ಕಾರಿ ಕೇಂದ್ರ) ಮಕ್ಕಳ ಥೆರಪಿ ಉಚಿತ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷದವರೆಗೆ ಸಿಗುತ್ತದೆ, ಥೆರಪಿಗೆ ಅದರೊಳಗೇ ಬೇರೆ ಮಿತಿ ಇದೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಮಾಡಿಸಿ, ಒಂದೊಂದು ಬಿಲ್ಲನ್ನೂ ಜೋಪಾನ ಮಾಡಿ.

ಶುರುವಾದ ದಿನ ಒಂದು ವಿಡಿಯೋ ತೆಗೆಯಿರಿ. ಕೊನೆಯ ದಿನ ಅದೇ ಜಾಗದಲ್ಲಿ, ಅದೇ ಸ್ಟೂಲಿನಲ್ಲಿ ಇನ್ನೊಂದು. ಊಟ ಒಂದು ಗಂಟೆ ಮುಂಚೆ ಮುಗಿದಿರಲಿ. ಸ್ಪ್ಲಿಂಟ್ (ಪಾದ, ಕಣಕಾಲನ್ನು ಸರಿಯಾಗಿ ಹಿಡಿದಿಡುವ ಆಸರೆ) ಹಾಕುವಾಗ ಕಾಲುಚೀಲದ ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿ, ಮಂಡಿ ಮಡಿಸಿ, ಹಿಮ್ಮಡಿಯನ್ನು ಹಿಂದಕ್ಕೆ ಪೂರ್ತಿ ಒತ್ತಿ, ಮೊದಲು ಕಣಕಾಲಿನ ಪಟ್ಟಿ ಬಿಗಿ ಮಾಡಿ. ಬಿಚ್ಚಿದ ಮೇಲೆ ಕೆಂಪು ಗುರುತು ಇಪ್ಪತ್ತು-ಮೂವತ್ತು ನಿಮಿಷದಲ್ಲಿ ಹೋಗದಿದ್ದರೆ ಸ್ಪ್ಲಿಂಟ್ ಸರಿಮಾಡಿಸಬೇಕು, ಗಾಯ ಆಗುವವರೆಗೂ ಕಾಯಬೇಡಿ.

ಏಳುವ ಅಭ್ಯಾಸ ಮನೆಯಲ್ಲಿ ಹೀಗೆ ಮಾಡಿಸಿ. ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಎತ್ತರದ ಸ್ಟೂಲ್ ಇಡಿ. ಪಾದ ಮಂಡಿಗಿಂತ ಸ್ವಲ್ಪ ಹಿಂದೆ ಇರಲಿ. ಇಷ್ಟದ ಸಾಮಾನನ್ನು ಮುಂದೆ, ಮಗು ಬಗ್ಗಿ ಕೈಚಾಚಬೇಕಾದ ಕಡೆ ಹಿಡಿಯಿರಿ, ಮೂಗು ಕಾಲ್ಬೆರಳಿನ ಮೇಲಕ್ಕೆ ಬಂದಾಗಲೇ ಸೊಂಟ ಮೇಲೇಳೋದು. ಕಂಕುಳಿಗೆ ಕೈ ಹಾಕಿ ಎತ್ತಬೇಡಿ. ಮಂಡಿಯ ಮೇಲೆ ಕೈಯಿಟ್ಟು ಹಗುರವಾಗಿ ಮುಂದಕ್ಕೆ-ಕೆಳಕ್ಕೆ ಒತ್ತಿ, ಮನಸ್ಸಿನಲ್ಲೇ ಹತ್ತು ಎಣಿಸಿ ಕಾಯಿರಿ. ಈ ಕಾಯೋದೇ ಎಲ್ಲಕ್ಕಿಂತ ಕಷ್ಟ, ಆದರೆ ಮಗು ದಾರಿ ಹುಡುಕಿಕೊಳ್ಳೋದು ಆ ಹೊತ್ತಿನಲ್ಲೇ. ಇಳಿಯುವಾಗಲೂ ದೊಪ್ಪನೆ ಕೂರಲು ಬಿಡಬೇಡಿ, ನಿಧಾನ. ಸುಲಭವಾದರೆ ಸ್ಟೂಲನ್ನು ಸ್ವಲ್ಪ ತಗ್ಗಿಸಿ.

ಹಟದ ಅಳು, ನೋವಿನ ಅಳು ನಿಮಗೆ ಗೊತ್ತಾಗುತ್ತದೆ. ನೋವಾದರೆ ನಿಲ್ಲಿಸಿ ಅನ್ನೋ ಹಕ್ಕು ನಿಮಗಿದೆ, ಮಗುವಿಗೂ ಇದೆ. ಬಿಗಿ ಇರುವ ಕಾಲನ್ನು ಜಗ್ಗಿದರೆ ಇನ್ನೂ ಬಿಗಿಯಾಗುತ್ತದೆ.

ಮುಗಿದ ಮೇಲೆ ಒಂದೆರಡು ದಿನ ಬಿಡುವು ಕೊಡಿ. ಆಮೇಲೆ ವ್ಯಾಯಾಮಕ್ಕೆ ಬೇರೆ ಸಮಯ ಹುಡುಕದೆ, ಇರುವ ಕೆಲಸಕ್ಕೇ ಸೇರಿಸಿ. ಬಟ್ಟೆ ಹಾಕುವಾಗ ನಿಂತೇ, ಹಲ್ಲುಜ್ಜುವಾಗ ನಿಂತೇ. ಎತ್ತಿಕೊಳ್ಳಬೇಡಿ ಅಂದರೆ ಅಜ್ಜಿಗೆ ಬೇಜಾರಾಗುತ್ತದೆ. ಅದರ ಬದಲು ದೇವರಿಗೆ ಹೂವಿಡುವಾಗ ಮೊಮ್ಮಗಳನ್ನು ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ ಅಂತ ಕೇಳಿ, ಖುಷಿಯಿಂದ ಮಾಡುತ್ತಾರೆ. ಶಾಲೆಗೂ ಒಮ್ಮೆ ಹೋಗಿ ಬನ್ನಿ. ಕುರ್ಚಿಯಲ್ಲಿ ಕೂತಾಗ ಕಾಲು ಜೋತಾಡುತ್ತಿದ್ದರೆ ಮೈ ಬಿಗಿಯಾಗುತ್ತದೆ, ಬರೆಯೋದಕ್ಕೂ ಕಷ್ಟ. ಟೀಚರಿಗೆ ತೋರಿಸಿ, ಪಾದದ ಕೆಳಗೆ ಒಂದು ಮಣೆ ಇಡಿಸಿ.