ಲಿಯೋಲೀಮಸ್ ಹಲ್ಲಿಗಳಲ್ಲಿ ಪ್ರಭೇದ ಗುರುತಿಸುವ ಬಗೆ

ಪೆರುವಿನ ಆಂಡೀಸ್ ಬೆಟ್ಟಗಳಿಂದ ದಕ್ಷಿಣ ಅಮೆರಿಕದ ದಕ್ಷಿಣ ತುದಿಯ ಟಿಯೆರಾ ಡೆಲ್ ಫ್ಯೂಗೊವರೆಗೆ ಹಬ್ಬಿರುವ ಲಿಯೋಲೀಮಸ್ ಕುಲದಲ್ಲಿ 250ಕ್ಕೂ ಹೆಚ್ಚು ಪ್ರಭೇದಗಳಿವೆ. ಈ ಕುಲದ ಮಾದರಿ ಪ್ರಭೇದವಾದ, ಅಂದರೆ ಕುಲದ ಹೆಸರಿಗೆ ಆಧಾರವಾದ ಲಿಯೋಲೀಮಸ್ ಚಿಲಿಯೆನ್ಸಿಸ್ ಅನ್ನು 1830ರಲ್ಲಿ ಮೊದಲು ವರ್ಣಿಸಿದಾಗ, ನಮ್ಮ ಬೇಲಿಯ ಮೇಲೆ ಕೂರುವ ಓತಿಕ್ಯಾತದ ಕ್ಯಾಲೋಟಿಸ್ ಕುಲಕ್ಕೇ ಸೇರಿಸಲಾಗಿತ್ತು. ಬರೀ ಹೊರನೋಟವನ್ನು ನಂಬಿದರೆ ಎಷ್ಟು ದೂರ ದಾರಿ ತಪ್ಪಬಹುದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತೋಚದು.

ಹಲ್ಲಿ ಸಿಕ್ಕ ಜಾಗ, ಸಮುದ್ರಮಟ್ಟದಿಂದ ಅದರ ಎತ್ತರ, ಅದು ಕೂತಿದ್ದುದು ಬಂಡೆಯ ಮೇಲೋ ಮರಳಿನಲ್ಲೋ ಪೊದೆಯಲ್ಲೋ ಎಂಬುದನ್ನು ಅಲ್ಲಿಯೇ ಬರೆದುಕೊಳ್ಳಿ. ಮದ್ಯಸಾರದಲ್ಲಿಟ್ಟ ಮೇಲೆ ಬಣ್ಣ ಮಾಸುವುದರಿಂದ, ಜೀವಂತ ಹಲ್ಲಿಯ ಬೆನ್ನು, ಹೊಟ್ಟೆ ಮತ್ತು ಗಂಟಲಿನ ಚಿತ್ರ ತೆಗೆಯುವುದನ್ನು ಎಂದೂ ಮರೆಯಬಾರದು.

ಅನಂತರ ಹುರುಪೆಗಳ ಎಣಿಕೆ. ಸೂಕ್ಷ್ಮದರ್ಶಕದ ಕೆಳಗೆ ಹಲ್ಲಿಯನ್ನು ಅಂಗಾತ ಮಲಗಿಸಿ, ಹೊಟ್ಟೆಯ ನಡುಗೆರೆಯ ಒಂದು ಹುರುಪೆಗೆ ಸೂಜಿಯ ಮೊನೆ ತಾಗಿಸಿ ಗುರುತಿಟ್ಟುಕೊಂಡು, ಅಲ್ಲಿಂದ ಮೈಯ ಸುತ್ತ ಒಂದೊಂದೇ ಹುರುಪೆಯನ್ನು ಎಣಿಸುತ್ತಾ ಮತ್ತೆ ಅದೇ ಗುರುತಿಗೆ ಬರಬೇಕು. ಪಕ್ಕೆಗಳ ಹುರುಪೆಗಳು ಚಿಕ್ಕವಾಗಿರುವ ಕಡೆ ಸಾಲು ತಪ್ಪುವುದು ಸುಲಭವಾದ್ದರಿಂದ, ಮರುದಿನ ಹಳೆಯ ಲೆಕ್ಕವನ್ನು ನೋಡದೆ ಇನ್ನೊಮ್ಮೆ ಎಣಿಸಿ. ಉದ್ದವನ್ನು ಮೂತಿಯಿಂದ ಗುದದ್ವಾರದವರೆಗೆ ಅಳೆಯಿರಿ. ಬಾಲ ಕಳಚಿ ಮತ್ತೆ ಬೆಳೆದಿರಬಹುದು, ಆದ್ದರಿಂದ ಅದರ ಅಳತೆಯನ್ನು ಬೇರೆಯಾಗಿ ಬರೆಯಿರಿ. ತೊಡೆಯ ಹಿಂಬದಿಯಲ್ಲಿ ದೊಡ್ಡ ಹುರುಪೆಗಳ ಪಟ್ಟೆಯೊಂದು ಕಂಡರೆ, ಹುಡುಕಾಟವನ್ನು ಲಿಯೋಲೀಮಸ್ ಡಾರ್ವಿನಿಯೂ ಸೇರಿರುವ ಬೌಲೆಂಜರಿ ಎಂಬ ಒಳಗುಂಪಿಗೆ ಸೀಮಿತಗೊಳಿಸಬಹುದು.

ಗುದದ್ವಾರದ ಮುಂದೆ ಸಾಲಾಗಿರುವ ರಂಧ್ರಗಳು ಸಾಮಾನ್ಯವಾಗಿ ಗಂಡುಗಳಲ್ಲೇ ಎದ್ದು ಕಾಣುತ್ತವೆ. ಆದ್ದರಿಂದ ಬೆಳೆದ ಗಂಡನ್ನು ಗಂಡಿನೊಂದಿಗೂ ಹೆಣ್ಣನ್ನು ಹೆಣ್ಣಿನೊಂದಿಗೂ ಹೋಲಿಸಬೇಕು. ಒಂದೇ ಹಲ್ಲಿಯನ್ನು ನೋಡಿ ತೀರ್ಮಾನಕ್ಕೆ ಬರುವುದು ತಪ್ಪು. ಆದರೂ ಅರ್ಜೆಂಟೀನಾದ ಮೆಂಡೋಸಾ ಪ್ರಾಂತ್ಯದಲ್ಲಿ ಹೆಣ್ಣುಗಳೇ ತುಂಬಿರುವ ಗುಂಪೊಂದು ಎದುರಾದಾಗ, ಗಂಡಿಲ್ಲದೆಯೇ ಸಂತಾನ ಬೆಳೆಸುವ, 2016ರಲ್ಲಿ ಹೆಸರು ಪಡೆದ ಲಿಯೋಲೀಮಸ್ ಪಾರ್ಥೆನೋಸ್ ನೆನಪಿರಲಿ.

ಈ ಕುಲದಲ್ಲಿ ಪ್ರಭೇದಗಳ ನಡುವೆ ಸಂಕರವಾಗುವುದುಂಟು, ಆಗ ಒಂದರ ಮೈಟೋಕಾಂಡ್ರಿಯಾ (ಜೀವಕೋಶಕ್ಕೆ ಶಕ್ತಿ ಒದಗಿಸುವ, ತನ್ನದೇ ಡಿಎನ್ಎ ಇರುವ ಭಾಗ) ಇನ್ನೊಂದರ ಮೈಯಲ್ಲಿ ಸಿಗಬಹುದು. ಹೀಗಾಗಿ ಮೈಟೋಕಾಂಡ್ರಿಯಾದ ಡಿಎನ್ಎ ಜೊತೆಗೆ ಕೋಶಕೇಂದ್ರದ ಡಿಎನ್ಎಯನ್ನೂ ನೋಡಿ, ಎರಡೂ ಹುರುಪೆಯ ಲೆಕ್ಕಕ್ಕೆ ಹೊಂದುತ್ತವೆಯೇ ಎಂದು ಪರೀಕ್ಷಿಸಿ. ಡಾರ್ವಿನ್ ತಂದ ಹಲ್ಲಿಗಳನ್ನು ಪ್ರಾಣಿಶಾಸ್ತ್ರಜ್ಞ ಥಾಮಸ್ ಬೆಲ್ 1843ರಲ್ಲಿ ವರ್ಣಿಸಿದಂಥ ಹಳೆಯ ಹೆಸರುಗಳ ವಿಷಯದಲ್ಲಂತೂ ಮೂಲ ವರ್ಣನೆಯನ್ನೂ, ಸಾಧ್ಯವಾದರೆ ಸಂಗ್ರಹಾಲಯದಲ್ಲಿರುವ ಮೂಲ ಮಾದರಿಯನ್ನೂ (ಹೆಸರಿಡುವಾಗ ಆಧಾರವಾಗಿದ್ದ ಹಲ್ಲಿಯನ್ನೂ) ನೋಡದೆ ಮುಂದುವರಿಯಬೇಡಿ. ಲಕ್ಷಣಗಳು ಒಂದಕ್ಕೊಂದು ಹೊಂದದಿದ್ದರೆ ಕುಲದ ಹೆಸರನ್ನಷ್ಟೇ ಬರೆದು, ಯಾವ ಲಕ್ಷಣ ಎಲ್ಲಿ ಬೇರೆಯಾಯಿತು ಎಂಬುದನ್ನು ಚೀಟಿಯಲ್ಲಿ ನಮೂದಿಸಿ, ಮಾದರಿಯನ್ನು ಸಂಗ್ರಹದಲ್ಲಿಡಿ.