‘ಐ ಆಮ್ ಗುಡ್’ ಅನ್ನುವ ಗೆಳೆಯನನ್ನು ಥೆರಪಿಗೆ ಕರೆದೊಯ್ಯುವುದು ಹೇಗೆ

ಅಮೆರಿಕದ ಅಟ್ಲಾಂಟಾದ ಒಂದು ಗೋದಾಮಿನಲ್ಲಿ ನಾನು ರಾತ್ರಿ ಪಾಳಿ ಮಾಡುತ್ತೇನೆ. ಜೊತೆಗಾರ ಕಪ್ಪು ಜನಾಂಗದವನು, ನಲವತ್ತು ದಾಟಿದೆ. ತಮ್ಮ ತೀರಿಕೊಂಡ ಮೇಲೆ ಊಟ ಬಿಟ್ಟ, ನಿದ್ದೆ ಬಿಟ್ಟ. ಕೇಳಿದರೆ ‘ಐ ಆಮ್ ಗುಡ್’, ಅಷ್ಟೇ. ನಿಮಗೂ ಅಂಥ ಗೆಳೆಯ ಇದ್ದರೆ ಇದನ್ನು ಓದಿ.

ಎದುರು ಕೂತು ವಿಚಾರಿಸಬೇಡಿ, ಪಕ್ಕದಲ್ಲಿ ಕೂತುಕೊಳ್ಳಿ. ನಾವು ಮಾತಾಡಿದ್ದು ಬೆಳಿಗ್ಗೆ ಆರಕ್ಕೆ, ಅವನ ಕಾರಿನಲ್ಲಿ. ಕಾರು ನಿಂತೇ ಇತ್ತು, ಆದರೂ ಎರಡೂ ಕೈ ಸ್ಟೀರಿಂಗ್ ಬಿಟ್ಟಿರಲಿಲ್ಲ. ‘ಹೇಗಿದ್ದೀಯ’ ಅನ್ನಲಿಲ್ಲ ನಾನು. ‘ನಿನ್ನೆ ಎಷ್ಟು ಗಂಟೆ ಮಲಗಿದೆ?’ ಅಂದೆ. ‘ಎರಡು’ ಅಂದ. ಆಮೇಲೆ ಸುಮ್ನೆ ಕೂತೆ. ತುಂಬಾ ಹೊತ್ತಾದ ಮೇಲೆ ತಮ್ಮನ ಮಾತನ್ನು ಅವನೇ ತೆಗೆದ.

‘ನೀನು ಗಟ್ಟಿ ಮನುಷ್ಯ, ತಡೆದುಕೊಳ್ತೀಯ’ ಅನ್ನಬೇಡಿ. ನಮ್ಮಪ್ಪನೂ ‘ಗಂಡಸಾಗಿ ಅಳ್ತೀಯೇನೋ’ ಅಂತಲೇ ನನ್ನನ್ನು ಬೆಳೆಸಿದ್ದು. ಆದರೆ ಅವನ ಹೊರೆ ಇನ್ನೂ ಜಾಸ್ತಿ. ಇಲ್ಲಿ ಕಪ್ಪು ಗಂಡಸು ದನಿ ಎತ್ತಿದರೆ ಜನ ಹೆದರುತ್ತಾರೆ, ಅತ್ತರೆ ಅವನ ಕಡೆಯವರೇ ಪುಕ್ಕಲ ಅನ್ನುತ್ತಾರೆ. ಅವನು ಮನಸ್ಸು ಎಲ್ಲಿ ಬಿಚ್ಚಬೇಕು, ಹೇಳಿ?

ಡಾಕ್ಟರ್ ಬೇಡ ಅಂದರೆ ಅದು ಹಠ ಅಂದುಕೊಳ್ಳಬೇಡಿ. ಪಕ್ಕದ ರಾಜ್ಯ ಅಲಬಾಮಾದ ಟಸ್ಕೀಗಿಯಲ್ಲಿ 1932ರಿಂದ 1972ರವರೆಗೆ, ಸಿಫಿಲಿಸ್ ಅನ್ನುವ ಲೈಂಗಿಕ ಕಾಯಿಲೆ ಇದ್ದ 399 ಕಪ್ಪು ಗಂಡಸರಿಗೆ ಸರ್ಕಾರಿ ವೈದ್ಯರು ಕಾಯಿಲೆ ಏನೆಂದೇ ಹೇಳಲಿಲ್ಲ. ಅದನ್ನು ವಾಸಿ ಮಾಡುವ ಪೆನಿಸಿಲಿನ್ ಬಂದ ಮೇಲೂ ಕೊಡಲಿಲ್ಲ. ಕಾಯಿಲೆ ಎಲ್ಲಿಗೆ ಮುಟ್ಟುತ್ತೆ ಅಂತ ನೋಡುತ್ತಾ ಕೂತರು. ನನ್ನ ಗೆಳೆಯ ಇದನ್ನು ಅಜ್ಜಿಯ ಬಾಯಲ್ಲಿ ಕೇಳಿ ಬೆಳೆದವನು.

ಥೆರಪಿಸ್ಟ್, ಅಂದರೆ ಮಾತಿನಿಂದಲೇ ಮನಸ್ಸಿಗೆ ಚಿಕಿತ್ಸೆ ಕೊಡುವವರನ್ನು ಹುಡುಕಿ ಫೋನ್ ಮಾಡುವ ಕೆಲಸ ಅವನೊಬ್ಬನಿಗೇ ಬಿಡಬೇಡಿ. ಇನ್ಶೂರೆನ್ಸ್ ಕಾರ್ಡಿನ ಹಿಂದಿನ ನಂಬರಿಗೆ ನಾವಿಬ್ಬರೂ ಸ್ಪೀಕರ್ ಹಾಕಿ ಮಾಡಿದೆವು. ‘ಕಪ್ಪು ಜನಾಂಗದ ಥೆರಪಿಸ್ಟ್ ಬೇಕು’ ಅಂತ ಕೇಳೋಕೆ ಸಂಕೋಚ ಬೇಡ. ಅಲ್ಲಿ ಸಿಗದಿದ್ದರೆ ‘ಥೆರಪಿ ಫಾರ್ ಬ್ಲ್ಯಾಕ್ ಮೆನ್’ ವೆಬ್‌ಸೈಟಿನಲ್ಲಿ ಹುಡುಕಿ. ಮೊದಲನೆಯವರು ಹೊಂದದಿದ್ದರೆ ಬದಲಾಯಿಸಬಹುದು ಅಂತ ಮುಂಚೆಯೇ ಹೇಳಿಡಿ. ಇವನಿಗೆ ಹೊಂದಿದ್ದು ಎರಡನೆಯವರು.

ಅನುಮಾನ ಬಂದರೆ ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತಿದೆಯಾ?’ ಕೇಳಿದ ಮಾತ್ರಕ್ಕೆ ಆ ಯೋಚನೆ ಹುಟ್ಟುವುದಿಲ್ಲ. ಮನೆಯಲ್ಲಿ ಗನ್ ಇದೆಯಾ ಅಂತಲೂ ಕೇಳಿ. ಆತ್ಮಹತ್ಯೆ ತಡೆಯುವ ಇಲ್ಲಿನ ಸಹಾಯವಾಣಿ 988ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ಮೆಸೇಜೂ ಕಳಿಸಬಹುದು. ತುರ್ತು ನಂಬರ್ 911 ಅಂದರೆ ಮನೆ ಬಾಗಿಲಿಗೆ ಪೊಲೀಸರು ಅನ್ನುವ ಭಯ ಕಪ್ಪು ಜನರಿಗಿದೆ, ಕಾರಣವಿಲ್ಲದೆ ಅಲ್ಲ. ಆದರೆ ಜೀವಕ್ಕೇ ಅಪಾಯ ಅನ್ನಿಸಿದರೆ 911ಕ್ಕೂ ಮಾಡಲೇಬೇಕು. ಆಗ ಇದು ಮನಸ್ಸಿನ ತೊಂದರೆ ಅಂತ ಮೊದಲ ಮಾತಲ್ಲೇ ಹೇಳಿ.

ಮೊದಲ ದಿನ ನಾನೇ ಕರೆದುಕೊಂಡು ಹೋದೆ, ಹೊರಗೆ ಕಾದೆ. ಒಂದು ಗಂಟೆ ಬಿಟ್ಟು ಬಂದ, ಕಣ್ಣು ಕೆಂಪಗಿತ್ತು. ‘ಹಸಿವಾಗ್ತಿದೆ’ ಅಂದ. ಪಕ್ಕದ ಊರು ಡೆಕೇಟರ್‌ನ ದೋಸೆ ಹೋಟೆಲಿಗೆ ಹೋಗಿ ಕೂತೆವು. ಎರಡು ಮಸಾಲೆ ದೋಸೆ ತಿಂದ.