ಮೆಟ್ರೊ ನಿಲ್ದಾಣಕ್ಕೆ ನಡೆದೇ ಹೋಗುವಂತೆ ಬಡಾವಣೆ ತಿದ್ದುವುದು ಹೇಗೆ

ಬೆಂಗಳೂರಿನಲ್ಲಿ ಮೆಟ್ರೊ ನಿಲ್ದಾಣ ಹತ್ತಿರವೇ ಇದ್ದರೂ ಕಾರು ತೆಗೆಯುವವರು ಬಹಳ. ಅವರನ್ನು ದೂರುವ ಮೊದಲು ದಾರಿ ಅಳೆಯಿರಿ.

ನಿಲ್ದಾಣವನ್ನು ನಡುವಿಟ್ಟು ನಕ್ಷೆಯಲ್ಲಿ 800 ಮೀಟರ್ ತ್ರಿಜ್ಯದ ವೃತ್ತ ಎಳೆಯಿರಿ. ನಿಮಿಷಕ್ಕೆ 80 ಮೀಟರಿನಂತೆ ಅದು ಹತ್ತು ನಿಮಿಷದ ನಡಿಗೆ. ಎಷ್ಟೋ ಯೋಜನೆಗಳು ಈ ವೃತ್ತವನ್ನೇ ನಂಬಿ ಎಡವುತ್ತವೆ. ನೇರಗೆರೆಯಲ್ಲಿ 400 ಮೀಟರ್ ದೂರದ ಮನೆಗೂ ನಿಲ್ದಾಣಕ್ಕೂ ನಡುವೆ ರಾಜಕಾಲುವೆಯೋ ಅಪಾರ್ಟ್‌ಮೆಂಟಿನ ಉದ್ದನೆಯ ಕಾಂಪೌಂಡೋ ಬಂದರೆ ಕಾಲ್ದಾರಿ 1,200 ಮೀಟರ್ ಆಗಿಬಿಡುತ್ತದೆ.

ಹತ್ತು ಮನೆಗಳ ಗೇಟಿನಿಂದ ನಿಲ್ದಾಣದವರೆಗೆ ನಡೆದು ಅಳೆದು, ಆ ದೂರವನ್ನು ನೇರಗೆರೆಯ ದೂರದಿಂದ ಭಾಗಿಸಿ. 1.3ರೊಳಗಿದ್ದರೆ ಚೆನ್ನ. 1.5 ದಾಟಿದರೆ ಎಲ್ಲೋ ಒಂದು ಕೊಂಡಿ ತಪ್ಪಿದೆ, ಹುಡುಕಿ. ರಸ್ತೆ ಕೊನೆಯಾಗುವಲ್ಲಿ 3 ಮೀಟರಿನ ಓಣಿ, ಕಾಲುವೆಗೊಂದು ಕಾಲುಸೇತುವೆ, ಉದ್ಯಾನದ ಹಿಂಬದಿಗೊಂದು ಗೇಟು: ಸಾಮಾನ್ಯವಾಗಿ ಬೇಕಾಗುವುದು ಇಷ್ಟೇ. ಓಣಿಯ ಬಾಯಲ್ಲಿ ಗೂಟ ನೆಟ್ಟರೆ ನಡುವೆ 90 ಸೆಂಟಿಮೀಟರ್ ಬಿಡಿ. ಸ್ಕೂಟರ್ ತಡೆಯಲೆಂದು ತಿರುಗುಗೇಟು ಹಾಕಿದರೆ ಗಾಲಿಕುರ್ಚಿಯೂ ಅಲ್ಲೇ ನಿಂತುಬಿಡುತ್ತದೆ. ದೀಪ ಮರೆಯಬೇಡಿ, ಕತ್ತಲಾದ ಮೇಲೆ ಯಾರೂ ಹೋಗದ ಓಣಿ ಅರ್ಧ ಓಣಿ.

ಫುಟ್‌ಪಾತಿಗೆ ಕನಿಷ್ಠ 1.8 ಮೀಟರ್ ತೆರಪಿನ ಅಗಲ ಬೇಕು. ಟೇಪು ಹಿಡಿಯಬೇಕಾದದ್ದು ಟ್ರಾನ್ಸ್‌ಫಾರ್ಮರ್ ಮತ್ತು ಕಂಬದ ಪಕ್ಕದಲ್ಲಿ. ಅತಿ ಕಿರಿದಾದ ಜಾಗವೇ ಅದರ ನಿಜವಾದ ಅಗಲ. ಅಂಚು 15 ಸೆಂಟಿಮೀಟರಿಗಿಂತ ಎತ್ತರವಾದರೆ ವಯಸ್ಸಾದವರು ರಸ್ತೆಗೇ ಇಳಿಯುತ್ತಾರೆ.

ಇನ್ನು ಭೂಬಳಕೆ. ವೃತ್ತದೊಳಗೆ ದಿನಸಿ, ಔಷಧಿ, ಹಾಲಿನ ಬೂತು, ಅಂಗನವಾಡಿಗೆ ಜಾಗವಿರಲಿ. ಮೆಟ್ರೊ ಸುತ್ತ ದಟ್ಟ ವಸತಿಗೆ ಒತ್ತು ಕೊಡುವ ನೀತಿ ಬೆಂಗಳೂರಿಗೆ 2022ರಲ್ಲೇ ಬಂದಿದೆ. ಆದರೆ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದೆಂಬ ಮಿತಿ) ಏರಿಸಿ ಪಾರ್ಕಿಂಗಿಗೆ ಮಿತಿ ಹಾಕದಿದ್ದರೆ ಮನೆಯ ಜೊತೆಗೆ ಕಾರೂ ಹೆಚ್ಚುತ್ತದೆ. ನೆಲಮಹಡಿಯೆಲ್ಲ ಪಾರ್ಕಿಂಗ್ ಆದ ಬೀದಿಯಲ್ಲಿ ಅಂಗಡಿಯೂ ಇರದು, ನಡೆಯುವವರೂ ಇರರು.

ಹೊಗೆಯ ಲೆಕ್ಕದಲ್ಲೂ ಚಿಕ್ಕ ಓಡಾಟ ತಪ್ಪಿಸುವುದು ದೊಡ್ಡದು. ಪೆಟ್ರೋಲ್ ಕಾರಿನ ಹೊಗೆ ಶುದ್ಧಿ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಬಿಸಿಯಾಗುವವರೆಗೆ ಸರಿಯಾಗಿ ಕೆಲಸ ಮಾಡುವುದಿಲ್ಲ. ಮೊದಲ ಕಿಲೋಮೀಟರೇ ಅತಿ ಕೊಳಕು.

ಮಾಸ್ಟರ್ ಪ್ಲಾನಿನ ಕರಡು ಪ್ರಕಟವಾದಾಗ ಗಡುವಿನೊಳಗೆ ಆಕ್ಷೇಪಣೆ ಕೊಡಿ. ‘ಟ್ರಾಫಿಕ್ ಜಾಸ್ತಿ’ ಎಂದು ಬರೆದರೆ ಕಡತ ಸೇರುತ್ತದೆ, ಅಷ್ಟೇ. ಓಣಿ ಬೇಕಾದ ಜಾಗದ ಸರ್ವೆ ನಂಬರು, ಈಗಿನ ನಡಿಗೆ ದೂರ, ಓಣಿ ಬಂದರೆ ಆಗುವ ದೂರ, ಅದರಿಂದ ಹತ್ತಿರವಾಗುವ ಮನೆಗಳ ಸಂಖ್ಯೆ: ಇವನ್ನು ನಕ್ಷೆಯೊಂದಿಗೆ ಲಗತ್ತಿಸಿ, ಸ್ವೀಕೃತಿ ಪಡೆದುಕೊಳ್ಳಿ.